ಡಿಜಿಟಲ್ ಟ್ವಿನ್‌ಗೂ ಮೊದಲು ನಕ್ಷೆ ಬೇಕು

ಮಾನ್ಯರೇ,

ಕಟ್ಟಡಗಳ ನಿರ್ವಹಣೆಗೆ ಡಿಜಿಟಲ್ ಟ್ವಿನ್ ಬರಲಿದೆ ಎಂಬ ವರದಿ ಓದಿದೆ, ಒಳ್ಳೆಯದೇ, ಆದರೆ ನಮ್ಮ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಪೈಪು ಎಲ್ಲಿ ಹಾದಿದೆ ಅನ್ನುವ ಸರಿಯಾದ ನಕ್ಷೆಯೇ ಇಲ್ಲ. ಟ್ವಿನ್ ಅಂದರೆ ಸುಮ್ನೆ ಚಂದದ ಚಿತ್ರವಲ್ಲ. ಪಂಪು, ಲಿಫ್ಟು, ಸಂಪಿನ ಸೆನ್ಸರ್‌ಗಳಿಂದ ಆಗಾಗಿನ ಮಾಹಿತಿ ಪಡೆದು ಕಟ್ಟಡದ ಸ್ಥಿತಿ ತೋರಿಸುವ ಕಂಪ್ಯೂಟರ್ ಪ್ರತಿರೂಪ. ಸಿಂಗಪುರ ಇದಕ್ಕಾಗಿ ಇಡೀ ದೇಶವನ್ನೇ ಲೇಸರ್‌ನಿಂದ ಅಳೆದು ಮೂರು ಆಯಾಮದ ನಕ್ಷೆ ಮಾಡಿಕೊಂಡಿತು. ಇಲ್ಲಿ ಬಚ್ಚಲು ಸೋರಿದರೆ ಪ್ಲಂಬರ್ ಟೈಲ್ಸ್ ತಟ್ಟಿ ನೋಡಿ, ಅಂದಾಜಿನ ಮೇಲೆ ಒಡೆಯುತ್ತಾನೆ, ಅಲ್ವಾ?

2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ಬಿಲ್ಡರ್ ನಕ್ಷೆಗಳನ್ನು ನಿವಾಸಿಗಳ ಸಂಘಕ್ಕೆ ಒಪ್ಪಿಸಬೇಕು. ಅದು ಮಂಜೂರಾದ ನಕ್ಷೆಯಷ್ಟೇ ಆಗದೆ, ನಿಜವಾಗಿ ಕಟ್ಟಿದಂತೆ ಪೈಪು, ವೈರಿಂಗ್ ಸಮೇತ ಡಿಜಿಟಲ್ ರೂಪದಲ್ಲಿರಲಿ. ಇದನ್ನು ಪರಿಶೀಲಿಸಿದ ಮೇಲೆಯೇ ಪಾಲಿಕೆಗಳು ಓಸಿ (ಕಟ್ಟಡದಲ್ಲಿ ವಾಸಿಸಲು ಕೊಡುವ ಅನುಮತಿ ಪತ್ರ) ಕೊಡಲಿ.

– ಒಬ್ಬ ಓದುಗ, ಬೆಂಗಳೂರು