ಸೋಮವಾರ ಶಾಲೆಗೆ ಮರಳುತ್ತಿರುವ ಮಗುವಿನ ವಿಚಾರವಾಗಿ

ಮಾನ್ಯ ಪೋಷಕರೇ,

ನಾಲ್ಕನೇ ತರಗತಿಯ ಹುಡುಗನೊಬ್ಬ ಹತ್ತು ತಿಂಗಳ ನಂತರ ಬರುವ ಸೋಮವಾರ ಶಾಲೆಗೆ ಬರುತ್ತಿದ್ದಾನೆ. ಹೆಸರು ಬರೆಯುವುದಿಲ್ಲ, ನಮ್ಮಂಥ ಚಿಕ್ಕ ಊರಿನಲ್ಲಿ ಅದರ ಅಗತ್ಯವೂ ಇಲ್ಲ. ಅವನ ತಾಯಿ ಒಪ್ಪಿದ ಮೇಲೆಯೇ ಈ ಪತ್ರ ಬರೆದಿದ್ದೇನೆ, ಅವರಿಗೆ ಓದಿ ಹೇಳಿಯೂ ಇದ್ದೇನೆ.

ಮೊದಲು ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ಕಳೆದ ಜುಲೈಯಲ್ಲಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಈ ಹುಡುಗ ಸಾಲಿನಲ್ಲಿ ನಿಲ್ಲಲಾರದೆ ಕುಳಿತುಬಿಡುತ್ತಿದ್ದ. ಕಾಲು ನೋವು ಎನ್ನುತ್ತಿದ್ದ. ನೆಪ ಹೇಳುತ್ತಿದ್ದಾನೆಂದು ಎರಡು ಸಲ ಗದರಿಸಿದೆ. ಮುಂದಿನ ದಿನಗಳಲ್ಲಿ ಮೈ ಬಿಳಿಚಿಕೊಂಡಿತು, ಬಿಟ್ಟು ಬಿಟ್ಟು ಜ್ವರ ಬಂತು, ಪೆಟ್ಟು ಬೀಳದಿದ್ದರೂ ತೊಡೆಯ ಮೇಲೆ ನೀಲಿ ಕಲೆಗಳೆದ್ದವು. ತಾಯಿಯೇ ಹಠ ಹಿಡಿದು ರಕ್ತ ಪರೀಕ್ಷೆ ಮಾಡಿಸಿದರು. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂದು ತಿಳಿಯಿತು. ರಕ್ತದ ಕ್ಯಾನ್ಸರ್. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ಮೂಳೆಯೊಳಗಿನ ಮಜ್ಜೆಯಲ್ಲಿ ಕೆಟ್ಟ ಕಣಗಳು ತುಂಬಿಕೊಂಡದ್ದರಿಂದ ಕಾಲು ನೋಯುತ್ತಿತ್ತು. ಆ ಗದರಿಕೆ ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆ. ತಂದೆ ಊರಿನಲ್ಲೇ ಉಳಿದು ಕೂಲಿ ಮಾಡಿದರು, ತಾಯಿ ಮಗುವಿನ ಜೊತೆ ನಿಂತರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದದ್ದು ದೊಡ್ಡ ಆಸರೆಯಾಯಿತು.

ಕಳೆದ ವಾರ ಅವರ ಮನೆಗೆ ಹೋಗಿದ್ದೆ. ದೇವರ ಗೂಡಿನ ಪಕ್ಕದಲ್ಲಿ ಮಗ್ಗಿ ಬರೆಯಲೆಂದು ಶಾಲೆಯಿಂದ ಕೊಟ್ಟಿದ್ದ ನೋಟ್ ಪುಸ್ತಕವಿತ್ತು. ಮೊದಲ ಮೂರು ಹಾಳೆಗಳಲ್ಲಿ ಹುಡುಗನ ಅಕ್ಷರ. ಏಳರ ಮಗ್ಗಿಗೆ ನಿಂತಿದೆ. ಆಮೇಲಿನದೆಲ್ಲ ತಾಯಿಯ ಕೈಬರಹ. ಪ್ರತಿ ಪುಟದ ನೆತ್ತಿಯಲ್ಲಿ 'ಶ್ರೀ ನಂಜುಂಡೇಶ್ವರ ಪ್ರಸನ್ನ'. ಅದರ ಕೆಳಗೆ ಗೆರೆ ಎಳೆದು, ಎಷ್ಟು ಹೊತ್ತಿಗೆ ಎಷ್ಟು ಜ್ವರ, ಯಾವ ಮಾತ್ರೆ ಎಷ್ಟು, ಬಿಳಿ ರಕ್ತಕಣ ಎಷ್ಟು, ಪ್ಲೇಟ್‌ಲೆಟ್ ಎಷ್ಟು, ವಾಂತಿ ಎಷ್ಟು ಸಲ. ಇದೇ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದ ಹೆಣ್ಣುಮಗಳು ಆಕೆ. ಪುಟ ತಿರುವುತ್ತಾ ಹೋದೆ, ಒಂದು ದಿನವೂ ತಪ್ಪಿಲ್ಲ.

ನಂಜನಗೂಡಿನ ನೆರೆಯಲ್ಲಿರುವ ನಮಗೆ ನಂಜುಂಡನ ಕಥೆ ಹೇಳಬೇಕಾಗಿಲ್ಲ. ಟಿಪ್ಪು ಸುಲ್ತಾನನ ಆನೆಯ ಕಣ್ಣು ವಾಸಿಯಾಗಿ ಅವನು ಸ್ವಾಮಿಯನ್ನು 'ಹಕೀಂ ನಂಜುಂಡ' ಎಂದು ಕರೆದನೆಂಬ ಮಾತನ್ನು ಅಜ್ಜಿಯರ ಬಾಯಲ್ಲಿ ಕೇಳಿ ಬೆಳೆದವರು ನಾವು. ಕ್ಯಾನ್ಸರ್‌ಗೆ ಕೊಡುವ ಕೀಮೋ ಮದ್ದು ಕೆಟ್ಟ ಕಣಗಳ ಜೊತೆಗೆ ಒಳ್ಳೆಯ ಕಣಗಳನ್ನೂ ಕೊಲ್ಲುತ್ತದೆ, ಅದೂ ಒಂದು ಬಗೆಯ ವಿಷವೇ ಎಂದು ವೈದ್ಯರು ಬಿಡಿಸಿ ಹೇಳಿದ ದಿನ ಈ ತಾಯಿಗೆ ಸಮಾಧಾನ ಕೊಟ್ಟದ್ದು ಅದೇ ಹೆಸರು. "ನಂಜು ಉಂಡವನ ಊರಿನವರು ನಾವು ಮೇಡಂ. ಅವನು ಗಂಟಲಲ್ಲಿ ತಡೆದುಕೊಂಡ, ನನ್ನ ಮಗ ಕೈ ನರದಲ್ಲಿ ತಡೆದುಕೊಂಡ" ಎಂದರು.

ಹಾಗೆಂದು ದೇವರ ಹೆಸರಿನಲ್ಲಿ ಒಂದು ಪಥ್ಯವನ್ನೂ ಅವರು ಮುರಿಯಲಿಲ್ಲ. ಬಂಧುಗಳು ಪ್ರಸಾದ ತಂದಾಗ ಕಣ್ಣಿಗೆ ಒತ್ತಿಕೊಂಡು ತಾವು ತಿಂದರು; ಸೋಂಕು ತಡೆಯುವ ಬಿಳಿ ರಕ್ತಕಣ ಕಡಿಮೆಯಿದ್ದ ಮಗುವಿಗೆ ವಿಭೂತಿಯನ್ನಷ್ಟೇ ಹಚ್ಚಿದರು. ದೊಡ್ಡ ಜಾತ್ರೆಯ ದಿನ ಐದು ತೇರುಗಳ ಹಗ್ಗ ಮುಟ್ಟದೆ ಉಳಿದದ್ದು ಆಕೆಯ ಜೀವನದಲ್ಲಿ ಇದೇ ಮೊದಲಂತೆ. ಜನಜಂಗುಳಿಯಿಂದ ಸೋಂಕು ಹೊತ್ತು ತರಬಾರದೆಂದು ವಾರ್ಡಿನ ಕಿಟಕಿಯ ಬಳಿ ನಿಂತು ಕೈ ಮುಗಿದರಂತೆ. ಪಕ್ಕದ ಹಾಸಿಗೆಯ ಮಗುವಿನ ತಾಯಿ ಮುಸ್ಲಿಮರು. ಅವರು ದುವಾ ಓದಿ ತಮ್ಮ ಮಗಳ ತಲೆಯ ಮೇಲೆ ಊದಿದ ಮೇಲೆ ಈ ಹುಡುಗನ ತಲೆಯ ಮೇಲೂ ಊದುತ್ತಿದ್ದರು.

ಕೂದಲು ಉದುರಿದಾಗ ಹುಡುಗ ಟವೆಲ್ ಸುತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ. ಮಗನ ಮುಡಿ ಕೊಡುತ್ತೇನೆಂದು ಹರಕೆ ಹೊತ್ತಿದ್ದ ತಾಯಿ, ಅವನ ಬದಲು ತಾವೇ ಕಪಿಲೆಯ ದಡದಲ್ಲಿ ಮುಡಿ ಕೊಟ್ಟು ಮರುದಿನವೇ ಬೆಂಗಳೂರಿಗೆ ಹಿಂತಿರುಗಿದರು. ಅಮ್ಮನ ಬೋಳು ತಲೆಯ ಮೇಲೆ ಕೈಯಾಡಿಸಿ ನೋಡಿ ಅವನು ಟವೆಲ್ ಬಿಚ್ಚಿದ.

ಊರಿನ ಮಾತುಗಳೂ ಅವರ ಕಿವಿಗೆ ಬಿದ್ದಿವೆ. ಯಾವ ಜನ್ಮದ ಕರ್ಮವೋ ಎಂದವರಿದ್ದಾರೆ. ಹರಕೆ ಮರೆತಿರಬೇಕು ಎಂದವರಿದ್ದಾರೆ. ದಯವಿಟ್ಟು ಇನ್ನು ಮುಂದೆ ಇಂಥ ಮಾತು ಬೇಡ. ಏಳೆಂಟು ವರ್ಷದ ಮಗುವಿಗೆ ಕಾಯಿಲೆ ಬಂದದ್ದು ಯಾರ ಪಾಪದಿಂದಲೂ ಅಲ್ಲ. ಇನ್ನೊಬ್ಬರು, ಅಂಗಳದಲ್ಲಿ ಕಾಶಿ ಕಣಗಿಲೆ ಇರುವಾಗ ಬೆಂಗಳೂರು ಯಾಕೆ, ಎಲೆ ಕುದಿಸಿ ಕುಡಿಸಿ ಎಂದರಂತೆ. ತಾಯಿ ಅದನ್ನು ವೈದ್ಯರನ್ನೇ ಕೇಳಿದರು. ವಿನ್‌ಕ್ರಿಸ್ಟಿನ್ ಎಂಬ ಮದ್ದನ್ನು ತೆಗೆಯುವುದು ಆ ಗಿಡದಿಂದಲೇ, 1960ರ ದಶಕದಿಂದ ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಅದು ಬಳಕೆಯಲ್ಲಿದೆ. ಆದರೆ ರಾಶಿ ರಾಶಿ ಎಲೆಯಿಂದ ಚೂರೇ ಚೂರು ಸಿಗುವ ಮದ್ದು ಅದು. ಮಗುವಿನ ಮೈಯಳತೆಗೆ ಲೆಕ್ಕ ಹಾಕಿ ಕೊಡಬೇಕು. ಕಷಾಯ ಮಾಡಿ ಕುಡಿಸಿದರೆ ಜೀವಕ್ಕೇ ಅಪಾಯ. ತಾಯಿ ಈಗಲೂ ಬೆಳಿಗ್ಗೆ ಆ ಹೂವನ್ನು ಬಿಡಿಸಿ ದೇವರಿಗೆ ಏರಿಸುತ್ತಾರೆ. ಮದ್ದಿಗೆ ಮಾತ್ರ ಆಸ್ಪತ್ರೆಗೇ ಹೋಗುತ್ತಾರೆ.

ಈಗ ನಿಮ್ಮಿಂದ ಆಗಬೇಕಾದದ್ದು. ಈ ಕಾಯಿಲೆ ಅಂಟುವುದಿಲ್ಲ. ನಿಮ್ಮ ಮಕ್ಕಳು ಅವನ ಪಕ್ಕ ಕೂರಬಹುದು, ಕೈ ಹಿಡಿಯಬಹುದು. ಅಪಾಯವಿರುವುದು ಅವನಿಗೆ, ನಮ್ಮಿಂದ. ಮುಖ್ಯವಾಗಿ ಸೀತಾಳೆ ಸಿಡುಬು ಮತ್ತು ದಡಾರ. ನಮ್ಮ ಕಡೆ 'ಅಮ್ಮ' ಬಂದಾಗ ಬೇವಿನ ಸೊಪ್ಪು ಕಟ್ಟಿ, ಮೊಸರನ್ನದಲ್ಲಿ ತಂಪು ಮಾಡಿ, ಯಾರಿಗೂ ಹೇಳದೆ ಇರುವುದುಂಟು. ಮಾರಮ್ಮನಿಗೆ ತಂಪು ಮಾಡಿ, ಬೇಡವೆನ್ನುವುದಿಲ್ಲ, ನಮ್ಮ ಮನೆಯಲ್ಲೂ ಮಾಡುತ್ತೇವೆ. ಆದರೆ ಅದೇ ದಿನ ನನಗೆ ತಿಳಿಸಿ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಅದು ಹರಡತೊಡಗುತ್ತದೆ, ಹತ್ತಿರ ಕುಳಿತಿದ್ದ ಈ ಹುಡುಗನಿಗೆ ಕೆಲವೇ ದಿನಗಳೊಳಗೆ ಮದ್ದು ಶುರುವಾಗಬೇಕಾಗುತ್ತದೆ. ನೀವು ಮುಚ್ಚಿಟ್ಟ ಎರಡು ದಿನ ಅವನ ಜೀವಕ್ಕೆ ಮುಳುವಾಗಬಹುದು. ಮಗುವಿಗೆ ಜ್ವರ, ಕೆಮ್ಮು ಇದ್ದರೂ ಮನೆಯಲ್ಲೇ ಉಳಿಸಿಕೊಳ್ಳಿ. ಹಾಜರಾತಿಯ ಚಿಂತೆ ನನಗಿರಲಿ.

ಮಾತ್ರೆಗಳಿಂದ ಅವನ ಕೆನ್ನೆ ಊದಿದೆ, ನಡಿಗೆ ನಿಧಾನವಾಗಿದೆ. ಅಡ್ಡಹೆಸರಿಡಬಾರದೆಂದು ಮಕ್ಕಳಿಗೆ ಮನೆಯಲ್ಲೇ ಹೇಳಿ ಕಳಿಸಿ. ಬಿಸಿಯೂಟ ಇಳಿಸಿದ ಕೂಡಲೇ ಮೊದಲ ತಟ್ಟೆ ಅವನಿಗೆ ಬಡಿಸಲು ಅಡುಗೆಯವರು ಒಪ್ಪಿದ್ದಾರೆ. ಕುದಿಸಿ ಆರಿಸಿದ ನೀರು ಮನೆಯಿಂದ ಬರುತ್ತದೆ. ಥರ್ಮಾಮೀಟರ್ ನನ್ನ ಮೇಜಿನಲ್ಲಿದೆ. ಜ್ವರ 100.4 ಡಿಗ್ರಿ ಮುಟ್ಟಿದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಎಲ್ಲ ಶಿಕ್ಷಕರಿಗೂ ಹೇಳಿದ್ದೇನೆ.

ಈ ಕಾಯಿಲೆಗೆ ಒಟ್ಟು ಎರಡೂವರೆಯಿಂದ ಮೂರು ವರ್ಷದ ಚಿಕಿತ್ಸೆ. ಪೂರ್ತಿ ಮಾಡಿದ ಮಕ್ಕಳಲ್ಲಿ ಬಹುಪಾಲು ಗುಣವಾಗುತ್ತಾರೆ. ಮಗು ಚೆನ್ನಾಗಿ ಕಾಣುತ್ತಿದೆಯೆಂದು ನಡುವೆ ಬಿಟ್ಟರೆ ಮರುಕಳಿಸುವ ಅಪಾಯ ಹೆಚ್ಚು. ಆದ್ದರಿಂದ, ಓಡಾಡುತ್ತಿದ್ದಾನಲ್ಲ, ಇನ್ನು ಮಾತ್ರೆ ಯಾಕೆ ಎಂದು ಯಾರೂ ಆ ತಾಯಿಗೆ ಹೇಳಬೇಡಿ.

ಹುಡುಗನಿಗೆ ಹೊಸ ನೋಟ್ ಪುಸ್ತಕ ತೆಗೆದಿಟ್ಟಿದ್ದೇನೆ. ಹಳೆಯದು ಅವನ ತಾಯಿಗೆ ಬೇಕು, ಅದರಲ್ಲಿ ಇನ್ನೂ ಒಂದೂವರೆ ವರ್ಷಕ್ಕೂ ಮಿಕ್ಕಿದ ಲೆಕ್ಕ ಬರೆಯುವುದಿದೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ