ಗೋಡೆಗಿಂತ ಮೊದಲು ಮಣ್ಣು

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ಮಣ್ಣಿನ ಮನೆಯನ್ನೇ ಕಟ್ಟುತ್ತೇನೆಂದು ಬರೆದಿದ್ದೀಯ. ತುಂಬ ಸಂತೋಷವಾಯಿತು. ಆದರೆ ನಕ್ಷೆ ಬರೆಸುವ ಮೊದಲು ಮಣ್ಣು ನೋಡು. ಮೇಲಿನ ಒಂದೆರಡು ಅಡಿ ಗೋಡೆಗೆ ಬೇಡ. ಅದರಲ್ಲಿರುವ ಬೇರು, ಎಲೆಗೊಬ್ಬರ ಕೊಳೆತು ಟೊಳ್ಳಾಗುತ್ತದೆ. ಕೆಳಗಿನ ಮಣ್ಣನ್ನು ಗಾಜಿನ ಜಾಡಿಗೆ ಅರ್ಧ ತುಂಬಿ, ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡು. ಮರಳು ನಿಮಿಷದಲ್ಲೇ ತಳ ಸೇರುತ್ತದೆ, ಜೇಡಿ ಕೂರಲು ದಿನವಾದರೂ ಬೇಕು. ಜೇಡಿ ಐದರಲ್ಲೊಂದು ಪಾಲಿನ ಆಸುಪಾಸು, ಮರಳು ಅರ್ಧಕ್ಕಿಂತ ಹೆಚ್ಚು ಇದ್ದರೆ ಒಳ್ಳೆಯ ಮಣ್ಣು. ಎರೆಮಣ್ಣಾದರೆ ಬಿಟ್ಟುಬಿಡು, ಹಸಿಯಾದಾಗ ಉಬ್ಬಿ, ಒಣಗಿದಾಗ ಬಾಯಿ ಬಿಡುತ್ತದೆ.

ಜಾಡಿಯನ್ನಷ್ಟೇ ನಂಬಬೇಡ. ಬರೀ ಮಣ್ಣಿನದೊಂದು, ನಾಲ್ಕು ಪಾಲಿಗೆ ಒಂದು ಪಾಲು ಮರಳು ಸೇರಿಸಿದ್ದೊಂದು, ಎರಡು ಪಾಲು ಸೇರಿಸಿದ್ದೊಂದು, ಹೀಗೆ ಪರೀಕ್ಷೆಗೆಂದು ಮೂರು ಇಟ್ಟಿಗೆ ಹಾಕಿ, ಗುರುತು ಮಾಡಿ, ನೆರಳಲ್ಲಿ ಎರಡು ವಾರ ಒಣಗಿಸು. ಬಿರುಕಿನೊಳಗೆ ಉಗುರು ಹೋದರೆ ಜೇಡಿ ಹೆಚ್ಚು. ಮೂಲೆಯನ್ನು ಹೆಬ್ಬೆರಳಲ್ಲಿ ಉಜ್ಜಿದಾಗ ಪುಡಿ ಉದುರಿದರೆ ಮರಳು ಹೆಚ್ಚು. ಆಮೇಲೆ ಒಡೆದು ನೋಡು. ನಡುವೆ ಕಪ್ಪು ಛಾಯೆ ಕಂಡರೆ ಇನ್ನೂ ಹಸಿ ಇದೆ, ತೀರ್ಮಾನಕ್ಕೆ ಬರಬೇಡ.

ಮಣ್ಣನ್ನು ರಾತ್ರಿಯಿಡೀ ನೆನೆಸಿ, ಗೇಣುದ್ದ ಕತ್ತರಿಸಿದ ಒಣ ಹುಲ್ಲು ಬೆರೆಸಿ ತುಳಿಸಬೇಕು. ಹುಲ್ಲಿದ್ದರೆ ಒಂದು ದೊಡ್ಡ ಬಿರುಕು ಬೀಳುವಲ್ಲಿ ಕೂದಲೆಳೆಯಂಥ ನೂರು ಬೀಳುತ್ತವೆ, ಗೋಡೆಗೆ ಅದರಿಂದ ತೊಂದರೆಯಿಲ್ಲ. ಕಲಸು ತೆಳ್ಳಗಾಗದಿರಲಿ: ಹೆಚ್ಚು ನೀರು, ಹೆಚ್ಚು ಬಿರುಕು.

ಕಲ್ಲಿನ ತಳಪಾಯ ನೆಲದಿಂದ ಒಂದೂವರೆ ಅಡಿಯಾದರೂ ಮೇಲೆ ಬರಲಿ. ಮಳೆಹನಿ ನೆಲಕ್ಕೆ ಬಡಿದು ಸಿಡಿಯುವುದು ಅಲ್ಲಿಗೇ, ಮಣ್ಣಿನ ಗೋಡೆ ಬುಡದಲ್ಲಿ ಕರಗುವುದೂ ಹಾಗೆಯೇ. ಭಾರ ಹೊರುವ ಗೋಡೆಗೆ ದಪ್ಪ ಒಂದೂವರೆ ಅಡಿ ಇರಲಿ. ತುಳಿಸಿದ ಹಸಿ ಮಣ್ಣನ್ನೇ ವರಸೆ ವರಸೆಯಾಗಿ ಏರಿಸುವಾಗ ಒಂದು ವರಸೆಗೆ ಒಂದೂವರೆ ಅಡಿಗಿಂತ ಹೆಚ್ಚು ಏರಿಸಬೇಡ. ಬೇಗ ಮುಗಿಸೋಣ ಎಂದು ಕೆಲಸದವರು ಅವಸರ ಮಾಡುತ್ತಾರೆ, ನೀನು ಒಪ್ಪಬೇಡ. ಹೆಬ್ಬೆರಳು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾಗಲು ಬಿಸಿಲಿಗೆ ತಕ್ಕಂತೆ ನಾಲ್ಕು ದಿನವೂ ಆದೀತು, ವಾರವೂ ಆದೀತು. ಅದಕ್ಕೆ ಮುಂಚೆ ಮೇಲೆ ಹೇರಿದರೆ ಕೆಳಗಿನ ವರಸೆ ಹೊಟ್ಟೆ ಬಿಡುತ್ತದೆ, ಮತ್ತೆ ಕೆಡವುವುದೊಂದೇ ದಾರಿ.

ಬಾಗಿಲು, ಕಿಟಕಿ ಮೂಲೆಯಿಂದ ಮೂರಡಿಯಾದರೂ ದೂರವಿರಲಿ. ಮೇಲಿನ ತೊಲೆ ಎರಡೂ ಕಡೆ ಒಂದೊಂದು ಅಡಿ ಗೋಡೆಯೊಳಗೆ ಕೂರಲಿ. ಚೌಕಟ್ಟಿಗೂ ತೊಲೆಗೂ ನಡುವೆ ಒಂದು ಇಂಚು ಸಂದು ಬಿಡಿಸು; ಗೋಡೆ ಒಣಗುತ್ತಾ ತುಸು ಕುಸಿಯುತ್ತದೆ, ಸಂದಿಲ್ಲದಿದ್ದರೆ ಆ ಭಾರವೆಲ್ಲ ಚೌಕಟ್ಟಿನ ಮೇಲೆ ಬಿದ್ದು ಬಾಗಿಲು ಹಿಡಿಯುತ್ತದೆ.

ಹೊರಗೆ ಸಿಮೆಂಟ್ ಗಾರೆ ಬೇಡವೇ ಬೇಡ, ಇದನ್ನು ಕೈಮುಗಿದು ಹೇಳುತ್ತೇನೆ. ಸಣ್ಣ ಬಿರುಕಿನಲ್ಲಿ ಒಳಹೊಕ್ಕ ನೀರು ಆರಿಹೋಗಲು ಸಿಮೆಂಟ್ ಬಿಡುವುದಿಲ್ಲ. ಗಾರೆ ಮೇಲೆ ಗಟ್ಟಿಯಾಗಿ ಕಾಣುತ್ತಿರುವಾಗಲೇ ಹಿಂದೆ ಮಣ್ಣು ಕೆಸರಾಗಿರುತ್ತದೆ. ಮಣ್ಣಿನ ಗಾರೆ, ಅದರ ಮೇಲೆ ತೆಳುವಾಗಿ ನಾಲ್ಕೈದು ಕೈ ಸುಣ್ಣ ಸಾಕು. ಸೂರು ಎರಡೂವರೆ ಅಡಿ ಚಾಚಿರಲಿ, ನೀರಿನ ಕೊಳಾಯಿ ಯಾವುದೂ ಗೋಡೆಯೊಳಗೆ ಹೋಗದಿರಲಿ.

ಮೂರು ಇಟ್ಟಿಗೆಯಲ್ಲಿ ಯಾವುದು ಹೇಗೆ ಬಿರಿಯಿತೆಂದು ಬರೆ. ಮರಳಿನ ಲೆಕ್ಕ ಆಮೇಲೆ ಹಾಕೋಣ.