ಹಸಿರು ದೇಶಕ್ಕೆ ಗಡಿ ಬೇಕೇ, ಅಪ್ಪಯ್ಯ?

ಪೋರ್ಟ್‌ಲ್ಯಾಂಡ್, ಒರೆಗಾನ್
ಏಪ್ರಿಲ್ 2025

ತೀರ್ಥರೂಪು ಅಪ್ಪಯ್ಯನಿಗೆ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಆಯಿಗೂ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ. ಮಾಣಿಯ ಕೆಮ್ಮು ಕಡಿಮೆಯಾಗಿದೆ. ಆಯಿ ಕಳಿಸಿದ ಕಷಾಯದ ಪುಡಿ ಮುಗಿಯುತ್ತ ಬಂತು, ಮುಂದೆ ಯಾರಾದರೂ ಬರುವವರಿದ್ದರೆ ಕೊಟ್ಟು ಕಳಿಸಿ.

ಮೊನ್ನೆ ಫೋನಿನಲ್ಲಿ ಬೇಡ್ತಿ–ವರದಾ ಜೋಡಣೆಯ, ಅಂದರೆ ನಮ್ಮ ಬೇಡ್ತಿ ಹೊಳೆಯ ನೀರನ್ನು ವರದಾ ನದಿಗೆ ತಿರುಗಿಸಿ ಹಾವೇರಿ ಕಡೆಗೆ ಒಯ್ಯುವ ಯೋಜನೆಯ ವಿಷಯ ಬಂದಾಗ ನೀವು ಸಿಟ್ಟಿನಲ್ಲಿ ಹೇಳಿದಿರಿ, ಘಟ್ಟದವರಿಗೇ ಒಂದು ಬೇರೆ ರಾಜ್ಯ ಇದ್ದಿದ್ದರೆ ಇಂಥ ಯೋಜನೆಗಳು ಕಡತ ಬಿಟ್ಟು ಹೊರಗೆ ಬರುತ್ತಲೇ ಇರಲಿಲ್ಲ ಎಂದು. ಅಷ್ಟರಲ್ಲಿ ಅಲ್ಲಿ ಕರೆಂಟು ಹೋಗಿ ಮಾತು ತುಂಡಾಯಿತು. ಆ ಮಾತು ನನ್ನನ್ನು ಬಿಟ್ಟಿಲ್ಲ. ಯಾಕೆಂದರೆ ನಿಮಗೆ ಸಿಟ್ಟಿನಲ್ಲಿ ಬಂದ ಅದೇ ಯೋಚನೆಯ ಮೇಲೆ ಇಲ್ಲಿ ಒಬ್ಬರು ಇಡೀ ಕಾದಂಬರಿ ಬರೆದಿದ್ದಾರೆ, ಅದೂ ನಾನಿರುವ ಈ ನಾಡಿನ ಮೇಲೆಯೇ. ಪುಸ್ತಕ ಬಂದು ಈ ವರ್ಷಕ್ಕೆ 50 ವರ್ಷ. ಲೈಬ್ರರಿಯಿಂದ ತಂದು ಓದಿದೆ. ಅದು ಇಂಗ್ಲಿಷಿನಲ್ಲಿದೆ, ನಿಮಗೆ ಕಳಿಸಿ ಪ್ರಯೋಜನವಿಲ್ಲ. ಅದಕ್ಕೇ ಕಥೆಯನ್ನೂ ನನಗೆ ಅನಿಸಿದ್ದನ್ನೂ ಬರೆದೇ ಕಳಿಸುತ್ತಿದ್ದೇನೆ.

ಪುಸ್ತಕದ ಹೆಸರು 'ಇಕೊಟೋಪಿಯಾ'. ಬರೆದವರು ಅರ್ನೆಸ್ಟ್ ಕ್ಯಾಲೆನ್‌ಬಾಕ್. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿಶ್ವವಿದ್ಯಾಲಯದ ಮುದ್ರಣ ವಿಭಾಗದಲ್ಲಿ ಸಂಪಾದಕರಾಗಿದ್ದವರು, ಸಿನಿಮಾ ಪತ್ರಿಕೆಯೊಂದನ್ನು ವರ್ಷಾನುಗಟ್ಟಲೆ ನಡೆಸಿದವರು. 2012ರಲ್ಲಿ ತೀರಿಕೊಂಡರು. ಈ ಕಾದಂಬರಿ ಹುಟ್ಟಿದ್ದು ಎಲ್ಲಿಂದ ಗೊತ್ತೇ? ಊರಿನ ಕೊಳಚೆ ನೀರೆಲ್ಲ ನದಿ, ಸಮುದ್ರಕ್ಕೆ ಹೋಗಿ ಹಾಳಾಗುತ್ತಿದೆ, ಅದು ಗೊಬ್ಬರವಾಗಿ ಹೊಲಕ್ಕೆ ಯಾಕೆ ಮರಳುತ್ತಿಲ್ಲ ಎಂದು ಲೇಖನ ಬರೆಯಲು ಅವರು ಕೂತಿದ್ದರು. ಹಾಗೆ ಮರಳಿಸುವ ದೇಶ ಹೇಗಿರಬೇಕು ಎಂದು ಯೋಚಿಸುತ್ತ ಹೋದಾಗ ಲೇಖನ ಕಾದಂಬರಿಯಾಯಿತು. ಗೊಬ್ಬರಗುಂಡಿಯ ವಿಷಯದಲ್ಲಿ ನಿಮ್ಮಷ್ಟೇ ಕಾಳಜಿ ಇದ್ದ ಮನುಷ್ಯ. ದೊಡ್ಡ ಪ್ರಕಾಶಕರೆಲ್ಲ ಬೇಡವೆಂದ ಮೇಲೆ 1975ರಲ್ಲಿ ಬ್ಯಾನಿಯನ್ ಟ್ರೀ ಬುಕ್ಸ್ ಎಂಬ ಹೆಸರಿನಲ್ಲಿ ತಾವೇ ಪ್ರಕಟಿಸಿದರು. ಆಮೇಲೆ ದೊಡ್ಡ ಪ್ರಕಾಶಕರೊಬ್ಬರು ತೆಗೆದುಕೊಂಡರು, ಲಕ್ಷಗಟ್ಟಲೆ ಪ್ರತಿ ಹೋಯಿತು.

ಕಥೆ ಹೀಗಿದೆ. ಉತ್ತರ ಕ್ಯಾಲಿಫೋರ್ನಿಯಾ, ಒರೆಗಾನ್, ವಾಷಿಂಗ್ಟನ್ ರಾಜ್ಯ ಈ ಮೂರು ಸೇರಿ 1980ರಲ್ಲಿ ಅಮೆರಿಕದಿಂದ ಸಿಡಿದು ಹೊಸ ದೇಶವಾಗಿವೆ. ಗಡಿ ಮುಚ್ಚಿದೆ. 1999ರಲ್ಲಿ ವಿಲಿಯಂ ವೆಸ್ಟನ್ ಎಂಬ ಪತ್ರಕರ್ತ, ಅಮೆರಿಕದ ಕಡೆಯಿಂದ ಅಧಿಕೃತವಾಗಿ ಹೋಗುವ ಮೊದಲ ಮನುಷ್ಯ, ಒಳಗೆ ಬರುತ್ತಾನೆ. ಪುಸ್ತಕವೆಂದರೆ ಅವನು ಪತ್ರಿಕೆಗೆ ಕಳಿಸಿದ ವರದಿಗಳು, ನಡುನಡುವೆ ಅವನ ದಿನಚರಿ. ಬರುವಾಗ ಅನುಮಾನ ಹೊತ್ತು ಬಂದವನು ಕೊನೆಗೆ ಅಲ್ಲೇ ಉಳಿಯಲು ತೀರ್ಮಾನಿಸುತ್ತಾನೆ. ಕಥೆಯಾಗಿ ಬಹಳ ಗಟ್ಟಿಯಾದದ್ದಲ್ಲ. ಅದರೊಳಗಿನ ಊರುಕೇರಿಯ ವಿವರಗಳಿಗಾಗಿ ಓದಬೇಕು. ಸ್ಯಾನ್ ಫ್ರಾನ್ಸಿಸ್ಕೊದ ಮುಖ್ಯ ಬೀದಿಯಲ್ಲಿ ಕಾರುಗಳಿಲ್ಲ, ಬೀದಿಯ ಉದ್ದಕ್ಕೂ ಮರಗಳು, ಮುಚ್ಚಿಹೋಗಿದ್ದ ತೊರೆ ಮತ್ತೆ ಮೇಲೆ ಹರಿಯುತ್ತಿದೆ. ಯಾರು ಬೇಕಾದರೂ ಹತ್ತಿ ಹೋಗಬಹುದಾದ ಸಾರ್ವಜನಿಕ ಸೈಕಲ್ಲುಗಳಿವೆ. ವಾರಕ್ಕೆ 20 ಗಂಟೆ ಕೆಲಸ. ಅಧ್ಯಕ್ಷೆ ಒಬ್ಬ ಹೆಂಗಸು. ಮಣ್ಣಿನಿಂದ ಎಷ್ಟು ತೆಗೆದರೋ ಅಷ್ಟು ಮಣ್ಣಿಗೆ ವಾಪಸು ಹೋಗಲೇಬೇಕು ಎಂಬುದು ದೇಶದ ಮೂಲ ಕಾನೂನು ಇದ್ದ ಹಾಗೆ.

ಓದುತ್ತ ಓದುತ್ತ ನಾನು ನಿಂತುಬಿಟ್ಟದ್ದು ಕಾಡಿನ ಭಾಗದಲ್ಲಿ. ಆ ದೇಶದಲ್ಲಿ ಯಾರಿಗಾದರೂ ಮನೆ ಕಟ್ಟಲು ನಾಟಾ ಬೇಕೆಂದರೆ ದುಡ್ಡು ಕೊಟ್ಟು ತರುವ ಹಾಗಿಲ್ಲ. ಮೊದಲು ಕಾಡಿನ ಬಿಡಾರಕ್ಕೆ ಹೋಗಿ ದುಡಿಯಬೇಕು. ತಾನು ಒಯ್ಯಲಿರುವ ಮರದಷ್ಟು ಮರ ಹೊಸದಾಗಿ ಬೆಳೆಯಲು ಎಷ್ಟು ಕೆಲಸ ಬೇಕೋ ಅಷ್ಟನ್ನು ಮೈಬಗ್ಗಿಸಿ ಮಾಡಿದ ಮೇಲೆಯೇ ಮರ ಸಿಗುತ್ತದೆ. ದಂಡವಲ್ಲ, ತೆರಿಗೆಯಲ್ಲ, ಕಡಿಯುವವನು ಮೊದಲು ನೆಡಬೇಕು. ಕಾಡಿನ ಬಗ್ಗೆ ನಾನು ಓದಿದ ಎಷ್ಟೋ ಸರ್ಕಾರಿ ನೀತಿಗಳಲ್ಲಿ ಇಷ್ಟು ನೇರವಾದ ಮಾತು ಕಂಡಿಲ್ಲ. ಕ್ಯಾಲೆನ್‌ಬಾಕ್ ಅವರ ಮೇಲೆ ನನಗೆ ದೊಡ್ಡ ಗೌರವ ಹುಟ್ಟಿದ್ದು ಇದರಿಂದ.

ಆದರೆ ಗಡಿಯ ಮಾತಿನಲ್ಲಿ ನಾನು ಅವರ ಜೊತೆಗೂ ಇಲ್ಲ, ಕ್ಷಮಿಸಿ ಅಪ್ಪಯ್ಯ, ನಿಮ್ಮ ಜೊತೆಗೂ ಇಲ್ಲ.

ಕಾದಂಬರಿಯಲ್ಲಿ ಬೇರೆಯಾಗುವುದು ಸುಲಭವಾಗಿ ಆಗಿಲ್ಲ. ಪೂರ್ವದ ದೊಡ್ಡ ನಗರಗಳಲ್ಲಿ ಅಣುಬಾಂಬು ಹುದುಗಿಸಿಟ್ಟಿದ್ದೇವೆ ಎಂಬ ಬೆದರಿಕೆಯ ಬಲದ ಮೇಲೆ ಆ ಹಸಿರು ದೇಶ ನಿಂತಿದೆ. ಮರಕ್ಕೆ ಕೈಮುಗಿಯುವ ಜನ ನಗರಗಳಿಗೆ ಬಾಂಬಿನ ಹೆದರಿಕೆ ಹಾಕುತ್ತಾರೆ, ಲೇಖಕರು ಅದನ್ನು ನಾಲ್ಕು ಮಾತಿನಲ್ಲಿ ದಾಟಿಹೋಗುತ್ತಾರೆ. ಇನ್ನೊಂದು, ಅಲ್ಲಿನ ಕಪ್ಪುಜನರು ಹೆಚ್ಚಾಗಿ ತಮ್ಮದೇ ಬೇರೆ ಊರುಗಳಲ್ಲಿದ್ದಾರೆ, ಪೂರ್ತಿ ಬೇರೆ ದೇಶವೇ ಆಗಬೇಕೆಂದು ಅವರಲ್ಲಿ ಕೆಲವರು ಕೇಳುತ್ತಿದ್ದಾರೆ. ಒಮ್ಮೆ ಗೆರೆ ಎಳೆಯಲು ಶುರುಮಾಡಿದರೆ ಗೆರೆಯೊಳಗೆ ಇನ್ನೊಂದು ಗೆರೆ ಏಳುತ್ತದೆ. ಒರೆಗಾನ್‌ನಲ್ಲಿ ಕೂತು ಇದನ್ನು ಓದುವಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. 1859ರಲ್ಲಿ ಈ ರಾಜ್ಯ ಹುಟ್ಟಿದಾಗ ಕಪ್ಪುಜನರು ಇಲ್ಲಿ ಬಂದು ನೆಲೆಸುವ ಹಾಗಿಲ್ಲ ಎಂದು ಇದರ ಸಂವಿಧಾನದಲ್ಲೇ ಬರೆದಿತ್ತು. ಆ ಸಾಲನ್ನು ತೆಗೆದದ್ದು 1926ರಲ್ಲಿ. ಬೇಲಿ ಹಾಕಿ ಸ್ವರ್ಗ ಮಾಡುವವರು ಬೇಲಿಯ ಆಚೆ ಯಾರನ್ನು ನಿಲ್ಲಿಸಿದರು ಎಂದು ನಾನು ಮೊದಲು ನೋಡುತ್ತೇನೆ. ನಾನೂ ಇಲ್ಲಿ ಹೊರಗಿನಿಂದ ಬಂದವಳೇ ಅಲ್ಲವೇ.

ಬೇರೆಯಾಗಬೇಕೆನ್ನುವವರೆಲ್ಲ ಕಾಡಿಗಾಗಿ ಕೇಳುತ್ತಾರೆ ಎಂದೂ ಇಲ್ಲ. ಕಾದಂಬರಿಗಿಂತ ಬಹಳ ಮೊದಲೇ, 1941ರಲ್ಲಿ, ಕ್ಯಾಲಿಫೋರ್ನಿಯಾ–ಒರೆಗಾನ್ ಗಡಿಯ ಗುಡ್ಡಗಾಡಿನ ಜನ 'ಜೆಫರ್ಸನ್' ಎಂಬ ಬೇರೆ ರಾಜ್ಯ ಬೇಕೆಂದು ಎದ್ದಿದ್ದರು. ವೈರೀಕಾ ಎಂಬ ಊರಿನ ಹತ್ತಿರ ಬಂದೂಕು ಹಿಡಿದು ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸಿ ಕರಪತ್ರ ಹಂಚಿದರು. ಅವರಿಗೆ ಬೇಕಿದ್ದದ್ದು ಮರ, ತಾಮ್ರ ಹೊರಗೆ ಸಾಗಿಸಲು ಒಳ್ಳೆಯ ರಸ್ತೆ. ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾಗಿ ಯುದ್ಧ ಬಂತು, ಆ ಗದ್ದಲ ಅಲ್ಲಿಗೆ ತಣ್ಣಗಾಯಿತು. ಆದರೂ ಆ ಬಾವುಟ ಅಲ್ಲಿ ಈಗಲೂ ಹಾರುತ್ತದೆ. ಈಗ ಒರೆಗಾನ್‌ನ ಪೂರ್ವದ ಜಿಲ್ಲೆಗಳ ಬಹಳ ಜನ ತಮ್ಮನ್ನು ಪಕ್ಕದ ಐಡಹೊಗೆ ಸೇರಿಸಿ ಎನ್ನುತ್ತಿದ್ದಾರೆ. ಪೋರ್ಟ್‌ಲ್ಯಾಂಡಿನವರು ಕಾಡು, ಹುಲ್ಲುಗಾವಲಿನ ಕಾನೂನು ಮಾಡಿ ನಮ್ಮ ಮೇಲೆ ಹೇರುತ್ತಾರೆ ಎಂಬುದು ಅವರ ದೂರುಗಳಲ್ಲಿ ಒಂದು. ಮರ ಕಡಿದು, ದನ ಸಾಕಿ ಬದುಕಿದ ಜನ ಅವರು. ಅವರ ನೋವನ್ನು ಸುಳ್ಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಇಕೊಟೋಪಿಯಾದ ನಕ್ಷೆಯೊಳಗೆ ಇವರೆಲ್ಲ ಇದ್ದಾರೆ, ಪುಟಗಳಲ್ಲಿ ಎಲ್ಲೂ ಕಾಣುವುದಿಲ್ಲ.

ಈಗ ನಿಮಗೆ ನಿಜವಾಗಿ ಹೇಳಬೇಕೆಂದಿರುವುದು ಕ್ಲಾಮತ್ ನದಿಯ ವಿಷಯ. ಒರೆಗಾನ್‌ನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಸಮುದ್ರ ಸೇರುವ ಹೊಳೆ. ಮೇಲೆ ಆಲೂಗಡ್ಡೆ, ಮೇವು ಬೆಳೆಯುವ ರೈತರು. ಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರವೇ ಜಮೀನು, ನೀರು ಕೊಟ್ಟು ಕೂರಿಸಿದ್ದು. ಕೆಳಗೆ ಯೂರೊಕ್, ಕಾರುಕ್, ಹೂಪಾ ಬುಡಕಟ್ಟಿನವರು, ಸಾಲ್ಮನ್ ಮೀನೇ ಅವರ ಅನ್ನ, ಅವರ ದೇವರು. ನಡುವೆ ವಿದ್ಯುತ್ತಿನ ನಾಲ್ಕು ಅಣೆಕಟ್ಟು. ಸಾಲ್ಮನ್ ಸಮುದ್ರದಿಂದ ಹೊಳೆ ಹತ್ತಿ ಬಂದು ತಾನು ಹುಟ್ಟಿದ ಜಾಗದಲ್ಲೇ ಮೊಟ್ಟೆಯಿಡುವ ಮೀನು. ನೂರು ವರ್ಷ ಅದಕ್ಕೆ ಮೇಲೆ ಹೋಗಲು ದಾರಿಯೇ ಇರಲಿಲ್ಲ. 2001ರ ಬರದಲ್ಲಿ ಮೀನಿಗಾಗಿ ರೈತರ ಕಾಲುವೆಗೆ ನೀರು ನಿಲ್ಲಿಸಿದರು, ಹೊಲ ಒಣಗಿತು. ಮರುವರ್ಷ ರೈತರಿಗೆ ಬಿಟ್ಟರು. 2002ರ ಸೆಪ್ಟೆಂಬರ್‌ನಲ್ಲಿ ಹೊಳೆಯಲ್ಲಿ ನೀರು ಕಡಿಮೆಯಾಗಿ, ಬಿಸಿಯಾಗಿ, ರೋಗ ತಗುಲಿ ಹತ್ತಾರು ಸಾವಿರ ಸಾಲ್ಮನ್ ಸತ್ತು ದಡಕ್ಕೆ ಬಿದ್ದವು.

ಆ ಮೇಲೆ ಬುಡಕಟ್ಟಿನವರು ಸುಮ್ಮನೆ ಕೂರಲಿಲ್ಲ. ಅಣೆಕಟ್ಟಿನ ಒಡೆತನ ಆಗ ಸ್ಕಾಟ್ಲೆಂಡಿನ ಕಂಪನಿಯ ಕೈಯಲ್ಲಿತ್ತು. 2004ರಲ್ಲಿ ಅಲ್ಲಿಗೇ ಹೋಗಿ ಷೇರುದಾರರ ಸಭೆಯ ಹೊರಗೆ ನಿಂತು ಹೊಳೆಯ ಕಥೆ ಹೇಳಿದರು. ರೈತರ ಜೊತೆ ಜಗಳ, ಆಮೇಲೆ ಅದೇ ರೈತರ ಜೊತೆ ಒಂದೇ ಮೇಜಿನಲ್ಲಿ ಕೂತು ವರ್ಷಗಟ್ಟಲೆ ಮಾತುಕತೆ, ಎರಡು ರಾಜ್ಯ, ಕೇಂದ್ರ, ಕಂಪನಿ, ಮುರಿದ ಒಪ್ಪಂದ, ಮತ್ತೆ ಹೊಸ ಒಪ್ಪಂದ. 2023ರಲ್ಲಿ ಮೊದಲ ಅಣೆಕಟ್ಟು ಕಳಚಿದರು, 2024ರಲ್ಲಿ ಉಳಿದ ಮೂರು. ಆ ಅಕ್ಟೋಬರ್‌ನಲ್ಲೇ ಸಾಲ್ಮನ್ ಒರೆಗಾನ್‌ವರೆಗೆ ಹತ್ತಿ ಬಂತು, 1912ರಿಂದ ಈಚೆಗೆ ಮೊದಲ ಸಲ. ಸುದ್ದಿ ಓದಿ ನಾನು ಅತ್ತುಬಿಟ್ಟೆ. ಇದರಿಂದ ಎಲ್ಲ ಸರಿಹೋಯಿತು ಎಂದಲ್ಲ, ಮೇಲಿನ ರೈತರ ನೀರಿನ ತಕರಾರು ಇನ್ನೂ ಹಾಗೇ ಇದೆ.

ನೋಡಿ, ಕಾದಂಬರಿಯ ನಕ್ಷೆಯಲ್ಲಿ ಕ್ಲಾಮತ್ ಪೂರ್ತಿಯಾಗಿ ಇಕೊಟೋಪಿಯಾದ ಒಳಗೇ ಇದೆ. ಆ ದೇಶ ನಿಜವಾಗಿದ್ದರೂ ಮೇಲಿನ ರೈತನೂ ಕೆಳಗಿನ ಮೀನುಗಾರನೂ ಅದರ ಪ್ರಜೆಗಳೇ. ಗಡಿ ಎಳೆದು ಜಗಳವನ್ನು ಹೊರಗೆ ಹಾಕಲು ಬರುತ್ತಿರಲಿಲ್ಲ. ನನಗೆ ಬೇಸರವಾದದ್ದು ಇನ್ನೊಂದಕ್ಕೆ. ಕಾದಂಬರಿಯ ಜನ ಬುಡಕಟ್ಟಿನವರನ್ನು ಮೆಚ್ಚುತ್ತಾರೆ, ನಾಯಕಿ ತನ್ನ ಹೆಸರನ್ನೇ ಅವರ ರೀತಿಯಲ್ಲಿ ಇಟ್ಟುಕೊಂಡಿದ್ದಾಳೆ. ಆದರೆ ಆ ನೆಲದ ಯೂರೊಕ್ ಒಬ್ಬ, ಕಾರುಕ್ ಒಬ್ಬಳು ಬಾಯಿಬಿಟ್ಟು ಮಾತಾಡುವುದಿಲ್ಲ. ನಿಜವಾಗಿ ಹೊಳೆ ಬಿಡಿಸಿದವರು ಅವರು.

ಇಲ್ಲಿನ ಜನ ಪೋರ್ಟ್‌ಲ್ಯಾಂಡನ್ನು ತೋರಿಸಿ ಇಕೊಟೋಪಿಯಾ ನಿಜವಾಯಿತು ಎನ್ನುವುದುಂಟು. ಟ್ರಾಮು, ಸೈಕಲ್ಲು, ಕಸ ಬೇರೆ ಮಾಡುವುದು, ರೈತರ ಸಂತೆ ಎಲ್ಲ ಇದೆ. ಆದರೆ ಮುಖ್ಯವಾದವು ಪುಸ್ತಕಕ್ಕಿಂತ ಮೊದಲೇ ಬಂದವು. ಖಾಲಿ ಬಾಟಲಿ ವಾಪಸು ಕೊಟ್ಟರೆ ದುಡ್ಡು ಕೊಡುವ ಕಾನೂನು 1971ರದ್ದು, ಅಮೆರಿಕದಲ್ಲೇ ಮೊದಲನೆಯದು. ಈಗ ಬಾಟಲಿಗೆ 10 ಸೆಂಟ್, ಮಾಣಿ ಅದನ್ನೆಲ್ಲ ಡಬ್ಬಿಯಲ್ಲಿ ಕೂಡಿಡುತ್ತಾನೆ. 1974ರಲ್ಲಿ ಹೊಳೆದಂಡೆಯ ಹೆದ್ದಾರಿಯನ್ನೇ ಮುಚ್ಚಿ ಆಮೇಲೆ ಉದ್ಯಾನ ಮಾಡಿದರು. 1973ರಲ್ಲಿ ಟಾಮ್ ಮೆಕಾಲ್ ಎಂಬ ಗವರ್ನರ್ ಇದ್ದಾಗ ಬಂದ ಕಾನೂನಿನಂತೆ ಪ್ರತಿ ಪಟ್ಟಣವೂ ತನ್ನ ಸುತ್ತ ಒಂದು ಗೆರೆ ಹಾಕಿಕೊಂಡು, ಊರು ಇದರಾಚೆ ಬೆಳೆಯುವುದಿಲ್ಲ, ಆಚೆ ಇರುವುದು ಹೊಲ ಮತ್ತು ಕಾಡು ಎಂದು ಒಪ್ಪಬೇಕು. ಕಾರಿನಲ್ಲಿ ಹೋಗುವಾಗ ಮನೆಗಳ ಸಾಲು ಮುಗಿದು ಒಮ್ಮೆಲೇ ಹೊಲ ಶುರುವಾಗುವುದು ಕಾಣುತ್ತದೆ. ನನಗೆ ಮೆಚ್ಚುಗೆಯಾದ ಗಡಿ ಇದೊಂದೇ, ಇದು ನಮ್ಮ ಆಸೆಗೆ ನಾವೇ ಹಾಕಿಕೊಂಡದ್ದು. ಇದಕ್ಕಾಗಿ ಯಾವ ದೇಶವನ್ನೂ ಒಡೆಯಬೇಕಾಗಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕಾಡಿಗೆ ಬೆಂಕಿ ಬಿದ್ದು ಹಗಲಲ್ಲೇ ಆಕಾಶ ಕೆಂಪಾಗಿ, ಕಿಟಕಿಗೆ ಒದ್ದೆ ಬಟ್ಟೆ ತುರುಕಿ ಒಳಗೆ ಕೂತಿದ್ದೆವಲ್ಲ, ಆ ಹೊಗೆಗೆ ರಾಜ್ಯವೂ ಇಲ್ಲ, ಗೆರೆಯೂ ಇಲ್ಲ.

ಇನ್ನು ನಮ್ಮಲ್ಲಿಗೆ ಬರುತ್ತೇನೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದವರು ಹೊರಗಿನವರೇ? ನಮ್ಮದೇ ರಾಜ್ಯ, ನಮ್ಮ ಕಡೆಯ ಹೊಳೆ, ಮುಳುಗಿದ್ದು ನಮ್ಮ ಮಲೆನಾಡಿನವರ ಮನೆ. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಾಗ ಗ್ರಾಮಸಭೆಗಳನ್ನು ಕೇಳಿ ತೀರ್ಮಾನ ಮಾಡಿ ಎಂದೇ ಅದರಲ್ಲಿತ್ತು. ಯಾರೂ ಸರಿಯಾಗಿ ಕೇಳಲಿಲ್ಲ. ಊರೂರಿಗೆ ಬಂದದ್ದು ಮನೆ ಕಟ್ಟಲು ಬಿಡುವುದಿಲ್ಲ, ಒಕ್ಕಲೆಬ್ಬಿಸುತ್ತಾರೆ ಎಂಬ ಹೆದರಿಕೆ ಮಾತ್ರ. ವಿರೋಧಿಸಿದವರಲ್ಲಿ ಘಟ್ಟದವರೇ ಹೆಚ್ಚು. ಘಟ್ಟಕ್ಕೆ ಬೇರೆ ವಿಧಾನಸಭೆ ಇದ್ದಿದ್ದರೆ ಅಲ್ಲಿ ಕೂರುತ್ತಿದ್ದವರು ಯಾರು ಎಂದು ನೀವೇ ಯೋಚಿಸಿ. ರೆಸಾರ್ಟ್ ಕಟ್ಟುವವರೂ ನಮ್ಮವರೇ. 1983ರಲ್ಲಿ ಸಾಲ್ಕಣಿ ಕಡೆಯ ಕಾಡಿನಲ್ಲಿ ನೀವೆಲ್ಲ ಮರ ಅಪ್ಪಿ ನಿಂತಾಗ ಪ್ರತ್ಯೇಕ ರಾಜ್ಯ ಕೇಳಿರಲಿಲ್ಲ. ಕಡಿಯಬೇಡಿ ಎಂದಿರಿ, ನಿಂತೇ ಇದ್ದಿರಿ, ಕೊಡಲಿ ಹಿಂದೆ ಹೋಯಿತು. ಬೇಡ್ತಿಗೂ ಆ ದಾರಿಯೇ ಸರಿ. ಹಾವೇರಿ ಕಡೆಯ ರೈತರ ನೀರಿನ ಕಷ್ಟವೂ ಸುಳ್ಳಲ್ಲವಲ್ಲ, ಅವರನ್ನು ಎದುರಾಳಿ ಮಾಡಿಕೊಳ್ಳದೆ ಕರೆದು ಕೂರಿಸಿ ಮಾತಾಡಿ. ನಮ್ಮ ಹೊಳೆಯಲ್ಲಿ ಬೇಸಿಗೆಗೆ ಎಷ್ಟು ನೀರಿರುತ್ತದೆ ಎಂದು ಬಂದು ನೋಡಲಿ.

ಕಾದಂಬರಿಯಿಂದ ನಾವು ತೆಗೆದುಕೊಳ್ಳಬೇಕಾದ್ದು ಆ ಕಾಡಿನ ಬಿಡಾರದ ನಿಯಮ. ನಮಗೆ ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕಿದೆ. ಸೊಪ್ಪು, ದರಕು, ಕಟ್ಟಿಗೆ ಎಲ್ಲ ಅಲ್ಲಿಂದ ತಲೆಮಾರುಗಳಿಂದ ತಂದಿದ್ದೇವೆ. ಊರಿನಲ್ಲಿ ಎಷ್ಟೋ ಬೆಟ್ಟಗಳು ಬೋಳಾಗಿರುವುದು ನಿಮಗೇ ಗೊತ್ತು. ಈ ಮಳೆಗಾಲದಲ್ಲಿ ನಮ್ಮ ಬೆಟ್ಟದಿಂದಲೇ ಶುರುಮಾಡೋಣ ಎಂದು ನನ್ನ ಆಸೆ. ತಮ್ಮನಿಗೆ ಹೇಳಿ, ಮೇಲಿನ ಅಂಚಿನಿಂದ ಹೊಳೆಯ ಕಡೆಗೆ ನಡೆದು ಎಲ್ಲೆಲ್ಲಿ ಮರವಿಲ್ಲ ಎಂದು ಬರೆದಿಟ್ಟುಕೊಳ್ಳಲಿ. ಮಳೆ ಹಿಡಿಯುವ ಮೊದಲೇ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಹೊನ್ನೆ, ಮತ್ತಿ, ನೇರಳೆ, ಉಪ್ಪಾಗೆ, ಮುರುಗಲು ಸಸಿ ಯಾವುದು ಸಿಗುತ್ತದೆ ವಿಚಾರಿಸಿ. ಅಕೇಶಿಯಾ ಮಾತ್ರ ಬೇಡ. ಆಳಿನ ಖರ್ಚಿಗೆ ದುಡ್ಡು ನಾನು ಕಳಿಸುತ್ತೇನೆ. ಬೇಲಿ ಸ್ವಲ್ಪ ಗಟ್ಟಿ ಮಾಡಿಸಿ, ಪಕ್ಕದ ಮನೆಯ ದನ ಆ ಕಡೆಯಿಂದಲೇ ನುಗ್ಗುತ್ತವೆ.

ಕಾಡಿನ ಆ ಭಾಗವನ್ನು ನಾನು ಕನ್ನಡದಲ್ಲಿ ಬರೆದು ಮುಂದಿನ ಪತ್ರದ ಜೊತೆ ಇಡುತ್ತೇನೆ. ನನ್ನ ಮಾತು ನಿಮಗೆ ಒಪ್ಪಿಗೆಯಾಗದಿದ್ದರೆ ಹಾಗೇ ಬರೆಯಿರಿ, ಫೋನಿನಲ್ಲಿ ಬೇಡ. ಆಯಿಯ ಮಂಡಿನೋವಿಗೆ ಡಾಕ್ಟರಿಗೆ ತೋರಿಸಿದ್ದು ಏನಾಯಿತು, ಅದನ್ನೂ ತಿಳಿಸಿ.

ಇತಿ ನಿಮ್ಮ ಪ್ರೀತಿಯ ಮಗಳು